ತೆರೆಯದ ಲಗ್ನಪತ್ರಿಕೆ

ವೈರಸ್ ತೆಗೆಯಲು ಐನೂರು, ವಿಂಡೋಸ್ ಹೊಸದಾಗಿ ಹಾಕಲು ಎಂಟುನೂರು, ವರ್ಷದ ಆಂಟಿವೈರಸ್‌ಗೆ ಮತ್ತೆ ಆರುನೂರು. ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ವಾಸಿಂನ ರೇಟು ಇದು. ಊರು ದಾಟಿ ಹೋದರೆ ಬಸ್ ಚಾರ್ಜು ಬೇರೆ. ಮಸ್ಕಿಯ ಮಹೆಕ್ ಮನೆಯ ಬಿಲ್ಲಿನಲ್ಲಿ ಮಾತ್ರ ಆ ಚಾರ್ಜು ಯಾವತ್ತೂ ಇರುತ್ತಿರಲಿಲ್ಲ.

“ಬಸ್ಸಿನವ್ರು ನಿಮ್ಮ ಬೀಗರೇನ್ರೀ?” ಎಂದು ಅವಳು ಒಮ್ಮೆ ಕೇಳಿದ್ದಳು. ವಾಸಿಂ ತಲೆಯೆತ್ತದೆ ಮೌಸಿನ ವೈರು ಸುತ್ತಿದ್ದ. ಕಿವಿಗಳು ಕೆಂಪಾಗಿದ್ದನ್ನು ಅವಳು ನೋಡಿಯೂ ನೋಡದಂತೆ ನಕ್ಕಿದ್ದಳು.

ಮಹೆಕ್ ಮನೆಯಲ್ಲೇ ಕೂತು ಲಗ್ನಪತ್ರಿಕೆ ಡಿಸೈನ್ ಮಾಡುವವಳು. ಗಿರಾಕಿಗಳು ಫೈಲು ಕಳಿಸುತ್ತಿದ್ದರು, ಅವಳು ತೆರೆಯುತ್ತಿದ್ದಳು. ಒಮ್ಮೆ ‘ಲಗ್ನಪತ್ರಿಕೆ’ ಎಂಬ ಹೆಸರಿನ ಫೈಲು ಬಂತು. ತೆರೆದಳು. ವರ್ಷಗಟ್ಟಲೆ ಮಾಡಿದ್ದ ಡಿಸೈನ್‌ಗಳಿಗೆಲ್ಲ ಬೀಗ ಬಿತ್ತು. ಬೀಗ ತೆಗೆಯಬೇಕಾದರೆ ಡಾಲರ್ ಕಟ್ಟು ಎಂಬ ಅಕ್ಷರಗಳು ಪರದೆ ತುಂಬ.

ಅವಳ ತಾಯಿ ಮುನ್ನಿಬೀ ಮಗಳ ಪರವೇ ವಾದಿಸಿದರು. “ಲಗ್ನಕ್ಕ ಕರದ ಪತ್ರಿಕಿ ಬಿಚ್ಚಲಾರದಂಗ ಇಡಬಾರ್ದಪ್ಪ. ಕರದವ್ರಿಗೆ ಅವಮಾನ ಮಾಡಿದಂಗ ಆಗ್ತೈತಿ.”

ಬೀಗ ಬಿದ್ದದ್ದನ್ನು ತೆರೆಯಲು ವಾಸಿಂನಿಂದಲೂ ಆಗಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಕಟ್ಟಿಕೊಟ್ಟ. ಪಾಸ್‌ವರ್ಡ್ ಬದಲಾಯಿಸಿದ, ಬ್ಯಾಕಪ್‌ಗೆ ಬೇರೆ ಹಾರ್ಡ್‌ಡಿಸ್ಕ್ ಕೊಡಿಸಿದ. ಯಾವ ಫೈಲು ಬಂದರೂ ಮೊದಲು ಫೋನ್ ಮಾಡಿ, ಕಳಿಸಿದವರ ಬಾಯಿಂದಲೇ ಕೇಳಬೇಕೆಂದು ತಾಕೀತು ಮಾಡಿದ.

“ನೀವು ಕಳಿಸಿದ್ರೂ?” ಅವಳ ಕಣ್ಣು ಪರದೆ ಬಿಟ್ಟು ಅವನ ಮೇಲೆ ಬಂದು ನಿಂತಿತ್ತು.

“ನಾ ಕಳಿಸಿದ್ರೂ.”

ಹೋದ ಡಿಸೈನ್‌ಗಳಲ್ಲಿ ಅವಳ ಮೊದಲನೆಯದೂ ಇತ್ತು, ದಾಳಿಂಬೆ ಹೂವಿನ ಬಾರ್ಡರು. ಅದರ ಮಾತು ಬಂದಾಗಲೆಲ್ಲ ಅವಳ ದನಿ ಇಳಿಯುತ್ತಿತ್ತು. ವಾಸಿಂ ಅವಳ ಹಳೇ ಗಿರಾಕಿಯೊಬ್ಬರ ಮನೆಯಲ್ಲಿ ಆ ಬಾರ್ಡರಿನ ಕಾರ್ಡು ಹುಡುಕಿ ತಂದ. ಅಂಗಡಿಯಲ್ಲಿ ಬಿಡುವಾದಾಗೆಲ್ಲ ಕಂಪ್ಯೂಟರಿನಲ್ಲಿ ಒಂದೊಂದೇ ಎಸಳು ಗೀಚುತ್ತ ಕೂತ.

ಅಷ್ಟರಲ್ಲಿ ಲಿಂಗಸುಗೂರಿನಿಂದ ಗಂಡಿನವರು ಮಹೆಕ್‌ಳನ್ನು ನೋಡಲು ಭಾನುವಾರ ಬರುತ್ತಾರೆಂಬ ಸುದ್ದಿ ಬಂತು. ವಾಸಿಂಗೆ ಚಹಾ ರುಚಿಸಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ದಾಳಿಂಬೆ ಬಾರ್ಡರಿನೊಳಗೆ ಒಂದು ಲಗ್ನಪತ್ರಿಕೆ ಬರೆದ. ವರನ ಜಾಗದಲ್ಲಿ ತನ್ನ ಹೆಸರು, ವಧುವಿನ ಜಾಗದಲ್ಲಿ ಅವಳದು, ತಾರೀಖು ಖಾಲಿ. ಗುರುವಾರ ಮೇಲ್‌ನಲ್ಲಿ ಕಳಿಸಿಬಿಟ್ಟ.

ಅರ್ಧ ತಾಸಿನಲ್ಲಿ ಅವಳ ಫೋನು ಬಂತು. ಹೆಸರು ನೋಡಿ ಫೋನು ಬೋರಲು ಹಾಕಿದ. ಇಲ್ಲ ಅನ್ನಲಿಕ್ಕೇ ಮಾಡಿರಬೇಕೆಂದು ಎತ್ತಲಿಲ್ಲ. ಶುಕ್ರವಾರವೂ ಎತ್ತಲಿಲ್ಲ. ಒಬ್ಬರ ಚಾರ್ಜರನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡ. ಶನಿವಾರ ಶಟರ್ ಎಳೆದು ಮಸ್ಕಿ ಬಸ್ಸು ಹತ್ತಿದ. ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ನಿಂತೇ ಇದ್ದ.

ಮಹೆಕ್ ಬಾಗಿಲು ತೆಗೆದಳು. “ಬರ್ರಿ. ನಿಮ್ಮ ಮೇಲ್ ಯಾರೋ ಹ್ಯಾಕ್ ಮಾಡ್ಯಾರ. ನಿಮ್ಮ ಹೆಸರಿಲೆ ನಂಗ ಲಗ್ನಪತ್ರಿಕಿ ಬಂದಿತ್ತು.”

“ತಗದು ನೋಡಿದ್ರಿ?”

“ಯಾಕ ನೋಡ್ಲಿ? ಫೋನ್ ಹಚ್ಚಿದ್ನಿ, ನೀವು ಎತ್ತಲಿಲ್ಲ. ಡಿಲೀಟ್ ಮಾಡೀನಿ.”

ತಾನೇ ಕಲಿಸಿದ ಪಾಠ. ವಾಸಿಂ ಹೊಸ್ತಿಲಲ್ಲೇ ನಿಂತ. ಒಳಗೆ ಮುನ್ನಿಬೀ ನಾಳಿನ ಬಿರಿಯಾನಿಗೆ ಅಕ್ಕಿ ಆರಿಸುತ್ತಿದ್ದರು.

“ಹ್ಯಾಕ್ ಆಗಿಲ್ಲ. ನಾನೇ ಕಳಿಸಿದ್ದು” ಎಂದ.

ಅವಳು ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡಳು. “ಹಂಗಾರ ಬಾಯಿಲೆ ಹೇಳ್ರಿ. ಅದರಾಗ ಏನಿತ್ತು?”

“ದಾಳಿಂಬಿ ಬಾರ್ಡರ್ ಇತ್ತು.”

ಸುತ್ತುತ್ತಿದ್ದ ಬೆರಳು ನಿಂತಿತು. “ನಂದು?”

“ನಿಂದೇ. ನೋಡಿ ನೋಡಿ ಬರದೆ.” ಬಹುವಚನ ಯಾವಾಗ ಜಾರಿತೋ ಅವನಿಗೆ ಗೊತ್ತಾಗಲಿಲ್ಲ. “ಒಳಗ ನನ್ನ ಹೆಸರು, ನಿನ್ನ ಹೆಸರು. ತಾರೀಖು ನೀ ಹಾಕ್ತಿ ಅಂತ ಬಿಟ್ಟೀನಿ.”

ಮಹೆಕ್ ತಲೆ ತಗ್ಗಿಸಿ ಬೆರಳಿನ ಸುತ್ತು ಬಿಚ್ಚಿದಳು. ಮುಖ ಎತ್ತಿದಾಗ ಕಣ್ಣು ತುಂಬಿತ್ತು, ತುಟಿ ಮಾತ್ರ ತುಂಟತನ ಬಿಟ್ಟಿರಲಿಲ್ಲ.

“ಇಷ್ಟು ಹೇಳಾಕ ಇಷ್ಟು ತಿಂಗಳು ಬಿಟ್ಟಿ ಬಸ್ಸಿನ್ಯಾಗ ಅಡ್ಡಾಡಿದಿ? ಇನ್ನ ಫೈಲು ಕಳಿಸಬ್ಯಾಡ. ನಿಮ್ಮ ಅಮ್ಮೀನ್ನ ಕಳಸು. ಇವತ್ತ.”

ಒಳಗೆ ಅಕ್ಕಿ ಆರಿಸುವ ಸದ್ದು ನಿಂತಿತ್ತು. ಮುನ್ನಿಬೀ ಒಳಗಿನಿಂದಲೇ, ನಾಳಿನ ಬಿರಿಯಾನಿ ಯಾರು ಉಂಡರೂ ತನಗೆ ಅಡ್ಡಿಯಿಲ್ಲ ಎಂದರು.

ಸಂಜೆ ವಾಸಿಂನ ಅಮ್ಮಿ ಸಕ್ಕರೆ ಪೊಟ್ಟಣ ಹಿಡಿದು ಬಂದು ಹೆಣ್ಣು ಕೇಳಿದರು. ಮಹೆಕ್‌ಳ ಅಬ್ಬಾ ಮಗಳ ಮುಖ ನೋಡಿ ಹೂಂ ಎಂದರು. ಲಿಂಗಸುಗೂರಿನವರಿಗೆ ಅಂದೇ ಫೋನು ಹೋಯಿತು.

ಮಹೆಕ್‌ಳ ಹಳೇ ಡಿಸೈನ್‌ಗಳಲ್ಲಿ ದಾಳಿಂಬೆ ಹೂವೊಂದೇ ತಿರುಗಿ ಬಂತು, ಉಳಿದವು ಹೋದದ್ದು ಹೋದವೇ. ವಾಸಿಂ ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡ. ಹೆಂಡತಿಯ ಕೈಗೆ ಯಾರೂ ರಿಪೇರಿ ಬಿಲ್ಲು ಕೊಡುವುದಿಲ್ಲ.