ಹಿಡಿದ ಮೇಲೆ?

"ನಿಮ್ಮ ಇನ್‌ಸ್ಪೆಕ್ಟರಮ್ಮನಿಗೆ ತಲೆ ಕೆಟ್ಟಿದೆ," ಎಂದ ಅವನು, ಮೈಕಿನ ಮುಂದೆ ಬಿಸಿನೀರು ಗುಟುಕರಿಸುತ್ತ. "ಆರು ವರ್ಷ ಒಬ್ಬನ ಬೆನ್ನು ಹತ್ತೋದಾ?"

"ನಿಮ್ಮ ಮೇಷ್ಟ್ರೇನು ಕಮ್ಮಿನಾ?" ಎಂದಳು ಅವಳು, ಗಾಜಿನ ಈಚೆಯಿಂದ. " ಬೆಳಿಗ್ಗೆ ಪಾಠ, ಸಂಜೆ ಕಳ್ಳತನ. ಹೆಂಡತಿಗೂ ಸುಳಿವಿಲ್ಲ."

ಬೇರೆ ಭಾಷೆಯ ಧಾರಾವಾಹಿಗಳ ಕನ್ನಡ ಡಬ್ಬಿಂಗಿಗೆ ಅವಳು ಸಂಭಾಷಣೆ ಬರೆಯುತ್ತಿದ್ದಳು, ಅವನು ದನಿ ಕೊಡುತ್ತಿದ್ದ; ಈ ಸಲ ಕಳ್ಳ ಮೇಷ್ಟ್ರಿಗೆ. ನಟನ ತುಟಿ ಮುಚ್ಚಿದಲ್ಲೆಲ್ಲ ಪ, ಬ, ಮ ಬರುವ ಪದ ಕೂರಿಸಬೇಕು. ಎರಡು ವರ್ಷದಿಂದ ಪರದೆಯ ತುಟಿಗಳನ್ನು ನೋಡುತ್ತ, ನಡುನಡುವೆ ಗಾಜಿನಾಚೆಯ ಅವನ ತುಟಿಗಳನ್ನೂ ಅವಳು ಕದ್ದು ನೋಡಿದ್ದಳು.

"ಹೋದ ಸೀರಿಯಲ್‌ನ ಪತ್ತೇದಾರನೇ ವಾಸಿ," ಎಂದಳು. " ಅವನಿಗಿದ್ದದ್ದು ಬರೀ ಹಠ. ಇವಳಿಗೆ ಕಳ್ಳ ಬೆಳಿಗ್ಗೆ ಏನು ತಿಂದ ಅನ್ನೋದೂ ಬೇಕು."

"ಅದು ಹೊಟ್ಟೆಕಿಚ್ಚು ಮೇಡಂ. ಅವನ ಇನ್ನೊಂದು ಬದುಕಲ್ಲಿ ತನಗೆ ಜಾಗ ಇಲ್ವಲ್ಲ ಅಂತ. ಹಿಡಿದ ಮೇಲೆ ಏನು ಮಾಡ್ತಾಳೆ, ಪಾಪ?"

ವಿರಾಮದಲ್ಲಿ ಅವನ ಫೋನ್ ಗುಂಯ್‌ಗುಟ್ಟಿತು. ಮೈಕ್ ಆಫ್ ಮಾಡುವುದನ್ನು ಮರೆತಿದ್ದ. ಅವಳ ಹೆಡ್‌ಫೋನ್ ಕಿವಿಯಲ್ಲೇ ಇತ್ತು.

"ನಾಲ್ಕು ಗಂಟೆಗೆ ಬರ್ತೀನಿ ಕಣೇ. ಇಲ್ಲ, ರೈಟರ್‌ಗೆ ಗೊತ್ತಿಲ್ಲ. ಅವರಿಗೆ ಮಾತ್ರ ಹೇಳ್ಬೇಡ."

ಆ ಮೈಕಿನಲ್ಲಿ ಅವನಾಡಿದ, ಅವಳು ಬರೆಯದ, ಅವಳಿಗೂ ಅಲ್ಲದ ಮೊದಲ ಮಾತು ಅದು. ಕಣೇ ಅಂತೆ! ತಾನು ಮಾತ್ರ ಇನ್ನೂ ಮೇಡಂ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳು ಅವನ ಹಿಂದೆ ಮೂವತ್ತು ಹೆಜ್ಜೆ ಅಂತರದಲ್ಲಿದ್ದಳು. ಇನ್‌ಸ್ಪೆಕ್ಟರಮ್ಮನಿಗಾದರೂ ಸಂಬಳವಿತ್ತು. ಅವನು ಒಂದು ಕಟ್ಟಡದ ಎರಡನೇ ಮಹಡಿ ಹತ್ತಿ ಮರೆಯಾದ. ಅವಳು ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತು, ಆ 'ಕಣೇ'ಗೆ ಒಂದು ಮುಖ, ಒಂದು ಜಡೆ, ಒಂದು ನಗು ಎಲ್ಲ ಕಲ್ಪಿಸಿಕೊಂಡು, ಕೊನೆಗೆ ತಡೆಯಲಾರದೆ ಬಾಗಿಲು ತಳ್ಳಿದಳು.

ಸಾಲು ಕುರ್ಚಿಗಳು. ಗೋಡೆಯ ಮೇಲೆ ಗಂಟಲಿನ ದೊಡ್ಡ ಚಿತ್ರ. ಬಿಳಿ ಕೋಟಿನ ಹುಡುಗಿಯೊಬ್ಬಳು ಅವನ ಕತ್ತಿಗೆ ಮಫ್ಲರ್ ಸುತ್ತುತ್ತಿದ್ದಳು.

"ಅಣ್ಣಾ, ನಿನ್ನ ರೈಟರ್ ಇವರೇನಾ?" ಎಂದಳು ಹುಡುಗಿ.

ಅವನು ಕಳ್ಳನಂತೆ ತಲೆ ತಗ್ಗಿಸಿದ.

"ಇವನ ಗಂಟಲಲ್ಲಿ ಗಂಟು. ಭಯ ಏನಿಲ್ಲ ಅಂದ್ರು ಡಾಕ್ಟರು, ಆದ್ರೆ ಈಗಿಂದ ಒಂದು ತಿಂಗಳು ತುಟಿಪಿಟಕ್ ಅನ್ನಂಗಿಲ್ಲ. ನೀವು ಬೇರೆ ದನಿ ಹುಡುಕ್ತೀರ ಅಂತ ಹೆದರಿ ಮುಚ್ಚಿಟ್ಟಿದ್ದ, ಪುಣ್ಯಾತ್ಮ. ಮನೇಲಿ ದಿನಾ ನಿಮ್ಮದೇ ಪುರಾಣ, ಕೇಳಿ ಕೇಳಿ ನನ್ನ ಕಿವೀನೇ ಕೆಟ್ಟಿದೆ!"

"ನಾನು... ನಿಮ್ಮನ್ನ ಹಿಂಬಾಲಿಸಿಕೊಂಡು ಬಂದೆ," ಎಂದಳು ಅವಳು. ಮುಖ ಕೆಂಪೇರಿತ್ತು.

ಅವನು ಹುಬ್ಬೇರಿಸಿದ. ದನಿಯಿಲ್ಲದೆ ತುಟಿಯಲ್ಲೇ ಕೇಳಿದ: ಹಿಡಿದ ಮೇಲೆ?

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. "ಕಾಯ್ತೀನಿ. ಮೇಷ್ಟ್ರಿಗೆ ಬೇರೆ ದನಿ ಬೇಡ."

ಅವನು ಅವಳ ಕೈ ಹಿಡಿದುಕೊಂಡ. ತುಟಿಗಳು ಇನ್ನೊಮ್ಮೆ ಅಲುಗಿದವು, ಎರಡು ಸಲ ಮುಚ್ಚಿ ತೆರೆದವು.

ಬಿಡಬೇಡ.

ಈ ಸಲ 'ಮೇಡಂ' ಇರಲಿಲ್ಲ.