ಮಾತಾಡದೆ ಓಡಪ್ಪಾ!

"ಪೀಈಈಪ್!"

ಶಿಳ್ಳೆಯ ಸದ್ದಿಗೆ ತಂತಿಯ ಮೇಲೆ ಕೂತಿದ್ದ ಕಾಗೆಗಳೆಲ್ಲ ಹಾರಿಹೋದವು. ಅಪ್ಪ ಮಾತ್ರ ಜಗ್ಗಲಿಲ್ಲ. ರಸ್ತೆಯ ಪಕ್ಕ ನಿಂತು ವಾಚ್‌ಮನ್ ಅಂಕಲ್ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದ.

"ಈ ಕಟಿಂಗ್ ಯಾರು ಮಾಡಿದ್ದು? ನಿಜ ಹೇಳಿ. ಬೇರೆ ಸಲೂನಿಗೆ ಹೋಗಿದ್ರಿ ತಾನೆ?"

"ಒಂದೇ ಒಂದು ಸಲ ಕಣಯ್ಯಾ..." ಸಿಕ್ಕಿಬಿದ್ದ ಕಳ್ಳನ ಹಾಗೆ ವಾಚ್‌ಮನ್ ಅಂಕಲ್ ಹಲ್ಲು ಬಿಟ್ಟರು.

"ಹಿಂದುಗಡೆ ನೋಡಿ, ಇಲಿ ಕಡಿದ ಹಾಗಿದೆ! ಸಾಯಂಕಾಲ ಬನ್ನಿ, ಸರಿ ಮಾಡ್ಕೊಡ್ತೀನಿ. ಅಂದ ಹಾಗೆ ನಿಮ್ಮ ಮಗಳ ರಿಸಲ್ಟ್ ಏನಾಯ್ತು?"

"ಅಪ್ಪಾ!" ಸೈಕಲ್ ಮೇಲೆ ಕೂತಿದ್ದವಳು ಕಿರುಚಿದಳು. "ನಾವು ಬಂದಿರೋದು ಓಡೋಕೆ! ಮಾತಾಡೋಕಲ್ಲ!"

"ಹೊರಟೆ ಹೊರಟೆ, ಕೋಚಮ್ಮ!"

ಅಪ್ಪ ಮತ್ತೆ ಓಡಿದ. ಮೂಲೆ ತಿರುಗುವಷ್ಟರಲ್ಲಿ ಇಸ್ತ್ರಿ ಅಂಗಡಿಯವರು ಸಿಕ್ಕರು. ಅವರ ಮೀಸೆಯ ಬಗ್ಗೆ ಎರಡು ಮಾತಾಡದೆ ಮುಂದೆ ಹೋಗುವುದು ಅಪ್ಪನ ಕೈಲಿ ಆಗುವ ಕೆಲಸವೇ ಅಲ್ಲ.

ಕೋಚಮ್ಮ ಅಂತ ಹೆಸರಿಟ್ಟದ್ದೂ ಅಪ್ಪನೇ. ಹತ್ತು ವರ್ಷದ ಮಗಳು ಕೊರಳಿಗೆ ಶಿಳ್ಳೆ, ಕೈಗೆ ವಾಚ್ ಕಟ್ಟಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತದ್ದೇ ತಡ, ಆ ಹೆಸರು ಅಂಟಿಕೊಂಡಿತು. ಈಗ ಬೀದಿಗೆ ಬೀದಿಯೇ ಹಾಗೆ ಕರೆಯುತ್ತದೆ.

ಇದೆಲ್ಲ ಶುರುವಾದದ್ದು ಒಂದು ಕಂದು ನಾಯಿಯಿಂದ. ಅಪ್ಪನ ಸಲೂನಿನ ಎದುರೇ ಅದಕ್ಕೆ ಬೈಕ್ ಡಿಕ್ಕಿ ಹೊಡೆದಿತ್ತು. ಕೋಚಮ್ಮ ನಾಯಿಮನೆಗೆ ಫೋನ್ ಮಾಡಿದಳು. ಬೀದಿಯಲ್ಲಿ ಗಾಯಗೊಂಡ ನಾಯಿಗಳನ್ನು ಕರೆದೊಯ್ದು ನೋಡಿಕೊಳ್ಳುವ ಜಾಗ ಅದು. "ನಮ್ಮ ವ್ಯಾನ್ ಕೆಟ್ಟು ಕೂತಿದೆ ಪುಟ್ಟಾ. ರಿಪೇರಿನೂ ಆಗಲ್ಲ ಅಂದುಬಿಟ್ರು. ಹೇಗೆ ಬರಲಿ ಹೇಳು?" ಎಂದರು ಅಲ್ಲಿಯ ಡಾಕ್ಟರಮ್ಮ.

ಅಪ್ಪ ಕತ್ತರಿ ಕೆಳಗಿಟ್ಟ. ಗಿರಾಕಿಗೆ ಹೊದಿಸಿದ್ದ ಬಿಳಿ ಬಟ್ಟೆಯನ್ನೇ ಸರಕ್ಕನೆ ಎಳೆದು ನಾಯಿಗೆ ಸುತ್ತಿದ. ಎದೆಗೆ ಅವಚಿಕೊಂಡು ನಾಯಿಮನೆಯ ತನಕ ಓಡಿದ. ಅರ್ಧ ಕಟಿಂಗ್ ಆಗಿದ್ದ ಗಿರಾಕಿ ಬಾಯಿ ಬಿಟ್ಟುಕೊಂಡು ಕುರ್ಚಿಯಲ್ಲೇ ಕೂತಿದ್ದರು.

ಆ ನಾಯಿ ಉಳಿಯಿತು. ಆದರೆ ಅದೇ ವಾರ ಊರಾಚೆ ಬಿದ್ದಿದ್ದ ಇನ್ನೊಂದು ನಾಯಿ ಉಳಿಯಲಿಲ್ಲ. ವ್ಯಾನ್ ಇದ್ದಿದ್ದರೆ ಉಳಿಯುತ್ತಿತ್ತು ಎಂದರು ಡಾಕ್ಟರಮ್ಮ. ಅವತ್ತು ಕೋಚಮ್ಮ ಊಟದ ತಟ್ಟೆಯನ್ನು ಹಾಗೇ ಸರಿಸಿ ಎದ್ದುಬಿಟ್ಟಳು.

ಹೊಸ ವ್ಯಾನಿಗಾಗಿ ಡಾಕ್ಟರಮ್ಮ ಕೆರೆಯ ಸುತ್ತ ಮ್ಯಾರಥಾನ್ ಇಟ್ಟರು. ಓಡುವವರು ಓಡಬೇಕು, ಅವರ ಪರವಾಗಿ ಗೊತ್ತಿದ್ದವರು ದುಡ್ಡು ಕೊಡಬೇಕು.

"ನಾನೂ ಓಡ್ತೀನಿ!" ಎಂದುಬಿಟ್ಟ ಅಪ್ಪ.

ಸಲೂನಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ಆ ಹೊಟ್ಟೆ ಹೊತ್ಕೊಂಡಾ? ನಲವತ್ತೆರಡು ಕಿಲೋಮೀಟರಾ? ಪೂರ್ತಿ ಓಡಿಬಿಡಯ್ಯಾ, ವ್ಯಾನಿಗೆ ಎಷ್ಟು ಕಡಿಮೆ ಬೀಳುತ್ತೋ ಅಷ್ಟನ್ನೂ ನಾವೆಲ್ಲ ಸೇರಿ ಹಾಕ್ತೀವಿ. ಮಧ್ಯದಲ್ಲಿ ನಿಂತ್ಯೋ, ಬಿಡಿಗಾಸೂ ಇಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಓಡದೆ ಬೇರೆ ದಾರಿಯೇ ಇರಲಿಲ್ಲ.

ತಿಂಗಳುಗಳು ಕಳೆದಂತೆ ಅಪ್ಪನ ಹೊಟ್ಟೆ ಕರಗಿತು, ಓಡುವ ದೂರ ಬೆಳೆಯಿತು. ತೊಂದರೆ ಇದ್ದದ್ದು ಕಾಲಲ್ಲಿ ಅಲ್ಲ, ಬಾಯಲ್ಲಿ. ಅಪ್ಪನದು ಅರಳು ಹುರಿದಂಥ ಮಾತು. ಊರಿನ ಅರ್ಧ ತಲೆಗಳು ಅವನ ಕೈಯಲ್ಲೇ ಹಾದುಹೋಗಿದ್ದವು. ಯಾವ ರಸ್ತೆ ಹಿಡಿದರೂ ಒಂದು ತಲೆ ಎದುರಾಗುತ್ತಿತ್ತು, ಒಂದು ಕತೆ ಹೊರಡುತ್ತಿತ್ತು. ಕೋಚಮ್ಮನ ವಾಚ್ ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು.

ಅವಳು ಸ್ಕೂಲಿನ ಪಿಟಿ ಮೇಷ್ಟ್ರನ್ನು ಕೇಳಿದಳು. "ಸರ್, ಓಡುವಾಗ ಮಾತಾಡೋದನ್ನ ನಿಲ್ಲಿಸೋದು ಹೇಗೆ?"

"ಸುಲಭ," ಎಂದರು ಮೇಷ್ಟ್ರು. "ಬಾಯಿ ತುಂಬ ನೀರು ತುಂಬಿಸಿ ಓಡಿಸು. ವಾಪಸ್ ಬಂದಾಗ ನೀರು ಬಾಯಲ್ಲೇ ಇರಬೇಕು."

ಮರುದಿನ ಬೆಳಿಗ್ಗೆ ಅಪ್ಪ ಕೆನ್ನೆ ಉಬ್ಬಿಸಿಕೊಂಡು ಹೊರಟ. ಬಸ್ ಸ್ಟಾಪಿನವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿ ಕಂಡಕ್ಟರ್ ಅಂಕಲ್ ತಲೆಗೆ ಹೊಸದಾಗಿ ಕೆಂಪು ಬಣ್ಣ ಹಚ್ಚಿಕೊಂಡು ನಿಂತಿದ್ದರು. ಅಪ್ಪನ ಕಣ್ಣು ಅಗಲವಾಯಿತು, ಹೆಗಲು ಕುಣಿಯಿತು. ಬುಸ್ಸೆಂದು ನೀರು ಹಾರಿತು! ಕಂಡಕ್ಟರ್ ಅಂಕಲ್ ಶರ್ಟು ಪೂರ್ತಿ ಒದ್ದೆ.

"ಕೆಂಪು ಬೇಡ ಅಂತ ನಾನು ಹೇಳಿರಲಿಲ್ವಾ!" ಎಂದ ಅಪ್ಪ.

ಕೋಚಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಆದರೆ ಅಳುವೇ ಗೆದ್ದಿತು. "ನೀನು ಹೀಗೇ ಮಾಡ್ತಿದ್ರೆ ವ್ಯಾನ್ ಬರಲ್ಲ! ನಾಯಿಗಳು ಸಾಯ್ತವೆ! ನಿನಗೆ ಮಾತೇ ಹೆಚ್ಚು!"

ಅಪ್ಪನ ಮುಖ ಸಪ್ಪಗಾಯಿತು. "ಇಲ್ಲ ಕಣೇ," ಎಂದ ಮೆತ್ತಗೆ. "ಇನ್ಮೇಲೆ ನೀನು ಹೇಳಿದ ಹಾಗೆ."

ಕೋಚಮ್ಮ ದಾರಿಯನ್ನೇ ಬದಲಾಯಿಸಿದಳು. ಊರ ಹೊರಗಿನ ಗೋದಾಮುಗಳ ರಸ್ತೆ. ಬೆಳಿಗ್ಗೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಎರಡೂ ಕಡೆ ಉದ್ದ ಗೋಡೆ, ಮುಚ್ಚಿದ ತಗಡಿನ ಬಾಗಿಲುಗಳು. ಅಪ್ಪ ತುಟಿ ಪಿಟಕ್ಕೆನ್ನದೆ ಓಡಿದ. ಅವಳು ವಾಚ್ ನೋಡಿ ಸೈಕಲ್ ಮೇಲೇ ಕುಣಿದಳು. ಅಪ್ಪ ಇಷ್ಟು ಫಾಸ್ಟಾಗಿ ಯಾವತ್ತೂ ಓಡಿರಲಿಲ್ಲ!

ಒಂದೆರಡು ಸಲ ಅರ್ಧ ದಾರಿಯಲ್ಲೇ, "ಇವತ್ತಿಗೆ ಸಾಕೇನೋ," ಎಂದ. ಸುಸ್ತಾಗಿರಬೇಕು ಅಂದುಕೊಂಡಳು ಕೋಚಮ್ಮ. ಮನೆಯಲ್ಲೂ ಅಪ್ಪ ತಟ್ಟೆ ನೋಡಿಕೊಂಡು ಉಣ್ಣತೊಡಗಿದ.

"ಏನೇ ಮಾಡಿದ್ದೀಯ ನನ್ನ ಮಗನಿಗೆ?" ಎಂದರು ಅಜ್ಜಿ. "ಅವನು ಮೊದಲು ಮಾತು ಕಲ್ತ, ಆಮೇಲೆ ನಡೆಯೋದು ಕಲ್ತ. ಯಾರಾದ್ರೂ ಮಾತಾಡಿಸ್ತಾ ಮುಂದೆ ಹೋದ್ರೆ ಮಾತ್ರ ಹೆಜ್ಜೆ ಇಡ್ತಿದ್ದ."

"ಅಜ್ಜೀ, ವಾಚ್ ನೋಡು ಮೊದ್ಲು! ಎಷ್ಟು ಫಾಸ್ಟಾಗಿದ್ದಾನೆ!" ಎಂದಳು ಅವಳು.

ಮ್ಯಾರಥಾನಿನ ದಿನ ಕೆರೆಯ ದಂಡೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಬಣ್ಣದ ಬಾವುಟ, ಮೈಕು, ನೀರಿನ ಟೇಬಲ್ಲು! ಕಂದು ನಾಯಿಯೂ ಬಂದಿತ್ತು, ಸ್ವಲ್ಪ ಕುಂಟುತ್ತ, ಬಾಲ ಅಲ್ಲಾಡಿಸುತ್ತ. ಸಲೂನಿನ ಗಿರಾಕಿಗಳು ಬೇಲಿಯುದ್ದಕ್ಕೂ ಸಾಲಾಗಿ ನಿಂತಿದ್ದರು. ಕೋಚಮ್ಮ ಅಪ್ಪನ ಕೈ ಹಿಡಿದು ಜಗ್ಗಿದಳು.

"ಯಾರು ಕರೆದ್ರೂ ತಿರುಗಬಾರದು. ಮಾತಾಡಬಾರದು. ಪ್ರಾಮಿಸ್?"

ಅಪ್ಪ ತಲೆಯಾಡಿಸಿದ. ಢಂ! ಎಲ್ಲರೂ ಓಡಿದರು.

ಮೊದಲ ಸುತ್ತುಗಳಲ್ಲಿ ಅಪ್ಪ ನಿಜಕ್ಕೂ ಚೆನ್ನಾಗಿ ಓಡಿದ. "ಏನಯ್ಯಾ, ಹೇಗಿದ್ದೀಯ?" ಎಂದು ಗಿರಾಕಿಗಳು ಕೂಗಿದರೆ ನೇರ ಮುಂದೆ ನೋಡಿಕೊಂಡೇ ಹೋದ. ಅವರೂ ಸುಮ್ಮನಾದರು. ಬಿಸಿಲು ಏರಿತು. ಅಪ್ಪನ ಓಟ ನಡಿಗೆಯಾಯಿತು. ನಡಿಗೆ ಕಾಲೆಳೆಯುವುದಾಯಿತು.

"ಕೊನೆಯ ಸುತ್ತು ಓಡೋವ್ರ ಜೊತೆ ಮನೆಯವರೂ ಹೋಗಬಹುದು!" ಎಂದಿತು ಮೈಕು.

ಕೋಚಮ್ಮ ಬಾಣದ ಹಾಗೆ ನುಗ್ಗಿದಳು. ಹತ್ತಿರ ಹೋಗಿ ನೋಡಿದರೆ ಅಪ್ಪನ ಮುಖ ಬಿಳುಚಿಕೊಂಡಿತ್ತು.

"ಬಾ ಅಪ್ಪಾ, ಇನ್ನೊಂದೇ ಸುತ್ತು!"

ಅಪ್ಪ ನಿಂತುಬಿಟ್ಟ. ಮೊಣಕಾಲ ಮೇಲೆ ಕೈ ಊರಿದ. "ಆಗ್ತಿಲ್ಲ ಕಣೇ," ಎಂದ. "ಕಾಲೇನೋ ಇದೆ. ಆದರೆ ಬೆಳಿಗ್ಗೆಯಿಂದ ಒಬ್ಬನೇ ಕತ್ತಲೆ ಕೋಣೆಯಲ್ಲಿ ನಡೀತಿರೋ ಹಾಗಿದೆ."

ಅವಳು ಶಿಳ್ಳೆ ಊದಿದಳು. ಅಪ್ಪ ಅಲುಗಲಿಲ್ಲ. ವಾಚ್ ತೋರಿಸಿದಳು. ಅಪ್ಪ ನೋಡಲೂ ಇಲ್ಲ. ಕೋಚಮ್ಮನಿಗೆ ಭಯವಾಯಿತು. ವ್ಯಾನ್ ಹೋಯಿತು ಅನ್ನಿಸಿತು. ಆಮೇಲೆ ಅದನ್ನೂ ಮೀರಿ, ಇಷ್ಟು ಸುಮ್ಮನಿರುವ ಅಪ್ಪ ಯಾರೋ ಬೇರೆಯವನು ಅನ್ನಿಸಿ ಅಳು ಒತ್ತರಿಸಿ ಬಂತು.

ನೀರಿನ ಟೇಬಲ್ ಹತ್ತಿರ ಸಲೂನಿನ ಹಳೆಯ ಗಿರಾಕಿ ಬ್ಯಾಂಕ್ ಅಂಕಲ್ ದೊಡ್ಡ ಟೋಪಿ ಹಾಕಿಕೊಂಡು ಲೋಟ ಹಿಡಿದು ನಿಂತಿದ್ದರು. ಹೇಗಾದರೂ ಅಪ್ಪನ ಬಾಯಿ ಬಿಡಿಸಬೇಕು ಅನ್ನಿಸಿ ಅವಳು ಕೇಳಿದಳು, "ಅಪ್ಪಾ, ಬ್ಯಾಂಕ್ ಅಂಕಲ್ ಯಾವಾಗಲೂ ಯಾಕೆ ಟೋಪಿ ಹಾಕ್ಕೊಂಡಿರ್ತಾರೆ?"

ಅಪ್ಪ ತಲೆ ಎತ್ತಿದ. ಕಣ್ಣಲ್ಲಿ ಏನೋ ಮಿನುಗಿತು.

"ಅದಾ? ಅದು ದೊಡ್ಡ ಕತೆ."

"ಹೇಳು."

"ಮಾತಾಡಬಾರದು ಅಂದಿದ್ದೆಯಲ್ಲ?"

"ಈಗ ಹೇಳು!" ಎಂದು ಅವಳು ನಾಲ್ಕು ಹೆಜ್ಜೆ ಮುಂದೆ ಓಡಿದಳು. ಅಪ್ಪ ಅವಳ ಹಿಂದೆ ಬಂದ.

"ನೀನು ಹುಟ್ಟೋಕೆ ಮುಂಚೆ ಅವರು ವಿಗ್ ಹಾಕ್ತಿದ್ರು. ಊರಿಗೆಲ್ಲ ಗೊತ್ತು, ಅವರೇ ಹೇಳ್ಕೊಂಡು ನಗ್ತಾರೆ. ಒಂದಿನ ವಿಗ್ ತೆಗೆದು ಕನ್ನಡಿ ಮುಂದೆ ಇಟ್ಟು, ಸ್ವಲ್ಪ ಟ್ರಿಮ್ ಮಾಡಯ್ಯಾ ಅಂದ್ರು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ನಾಯಿ!"

"ಆಮೇಲೆ?"

"ಒಳಗೆ ನುಗ್ತು, ಗಬಕ್ ಅಂತ ವಿಗ್ ಕಚ್ಚಿಕೊಳ್ತು, ಕಾಲಿಗೆ ಬುದ್ಧಿ ಹೇಳ್ತು! ಮುಂದೆ ನಾಯಿ, ಹಿಂದೆ ಕತ್ತರಿ ಹಿಡ್ಕೊಂಡು ನಾನು, ನನ್ನ ಹಿಂದೆ ಬಿಳಿ ಬಟ್ಟೆ ಹೊದ್ಕೊಂಡು ಅವರು!"

ಕೋಚಮ್ಮನಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ಆದರೂ ಓಡಿದಳು. ಅಪ್ಪನೂ ಓಡುತ್ತಿದ್ದ! ಕೈ ಬೀಸಿ, ಕಣ್ಣರಳಿಸಿ, ನಾಯಿ ಹೇಗೆ ತಿರುಗಿತು, ತಾನು ಹೇಗೆ ಜಾರಿದೆ ಎಂದು ಅಭಿನಯಿಸಿ ಓಡುತ್ತಿದ್ದ. ಬೇಲಿಯ ಪಕ್ಕದವರು, "ಯಾವ ಕತೆಯಯ್ಯಾ? ವಿಗ್ಗಿಂದಾ?" ಎಂದು ಜೊತೆಗೇ ಹೆಜ್ಜೆ ಹಾಕತೊಡಗಿದರು. "ಆಮೇಲೆ? ಆಮೇಲೆ?" ಎಂದು ಕೇಳಿ ಕೇಳಿ ಕೋಚಮ್ಮನ ಗಂಟಲು ಒಣಗಿತು. ಕೇಳಿದಷ್ಟು ಸಲ ಅಪ್ಪನ ಕಾಲು ಮುಂದೆ ಬಿತ್ತು.

"ಆ ನಾಯಿ ಒಂದು ಮೆಟ್ಟಿಲ ಕೆಳಗೆ ನುಗ್ಗಿ ಮಾಯ ಆಯ್ತು ನೋಡು..." ಎನ್ನುತ್ತಿರುವಾಗಲೇ ಅಪ್ಪನ ಎದೆಗೆ ಏನೋ ತಾಗಿತು. ಅದು ಫಿನಿಶ್ ಲೈನಿನಲ್ಲಿ ಅವನಿಗಾಗಿಯೇ ಮತ್ತೆ ಕಟ್ಟಿದ್ದ ರಿಬ್ಬನ್ನು.

ಹೋ ಎಂದು ಜನ ಕೂಗಿದರು. ಡಾಕ್ಟರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ವ್ಯಾನ್ ಬಂತು! ವ್ಯಾನ್ ಬಂತು!" ಎಂದು ಗಿರಾಕಿಗಳೇ ಕುಣಿದರು. ಅಪ್ಪ ಹುಲ್ಲಿನ ಮೇಲೆ ಧೊಪ್ಪನೆ ಕೂತ. ಕೋಚಮ್ಮ ಅವನ ಪಕ್ಕದಲ್ಲಿ ಮಂಡಿಯೂರಿ ಅಂಗಿ ಜಗ್ಗಿದಳು.

"ಮೆಟ್ಟಿಲ ಕೆಳಗೆ ಏನಿತ್ತು?"

"ಮರಿಗಳು," ಎಂದ ಅಪ್ಪ ಏದುಸಿರು ಬಿಡುತ್ತ. "ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ವಿಗ್ಗನ್ನ ಹಾಸಿಗೆ ಮಾಡಿ ಅದರ ಮೇಲೆ ಮಲಗಿಸ್ಕೊಂಡಿತ್ತು. ಬ್ಯಾಂಕಿನವರು ಬಗ್ಗಿ ನೋಡಿದ್ರು, ಸುಮಾರು ಹೊತ್ತು ನೋಡಿದ್ರು. ಆಮೇಲೆ, ಬಿಡಯ್ಯಾ, ನನಗಿಂತ ಅವಕ್ಕೇ ಬೇಕು ಅಂದ್ರು. ಅವತ್ತಿಂದ ಟೋಪಿ."

ದಿನಾ ಬೆಳಿಗ್ಗೆ ಅಪ್ಪನ ಬಾಯಿಂದ ಇಂಥದ್ದೊಂದು ಕತೆ ಹೊರಡುತ್ತಿತ್ತು. ದಿನಾ ಬೆಳಿಗ್ಗೆ ಕೋಚಮ್ಮ ಶಿಳ್ಳೆ ಊದಿದ್ದಳು. ಅವಳು ಅಪ್ಪನ ಒದ್ದೆ ತೋಳಿಗೆ ಒರಗಿಕೊಂಡಳು.

"ಆ ಮರಿಗಳ ಕತೆ ಇನ್ನೂ ಇದೆ, ಕೇಳ್ತೀಯಾ?" ಎಂದ ಅಪ್ಪ.

"ಬೇಗ ಬಾರಯ್ಯಾ!" ಯಾರೋ ಕ್ಯಾಮೆರಾ ಹಿಡಿದು ಕೂಗಿದರು. "ಫೋಟೊ ತೆಗೀಬೇಕು, ಎಲ್ಲರೂ ಕಾಯ್ತಿದಾರೆ!"

ಕೋಚಮ್ಮ ಕೈ ಅಡ್ಡ ಹಿಡಿದಳು.

"ಸ್ವಲ್ಪ ತಡೀರಿ," ಎಂದಳು. "ನಮ್ಮಪ್ಪ ಮಾತಾಡ್ತಾ ಇದ್ದಾರೆ."