ನಂಬರು ಉಳಿದವು, ಹೆಸರು ಹೋದವು

1988ರ ಅಕ್ಟೋಬರ್ 24, ಸೋಮವಾರ, ಬೆಳಿಗ್ಗೆ 11.20. ಹಾನಗಲ್ಲ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಾಗ ಹವಾಲ್ದಾರ ಗುದ್ಲೆಪ್ಪನ ಕೈ ಎರಡು ಸಲ ನಿಂತಿತು. ಮೊದಲ ಸಲ ನಿಂತದ್ದು ದಿಕ್ಕು ತೋಚದೆ. ಎಮ್ಮೆ ಕಳುವು, ಪಂಪ್‌ಸೆಟ್ ಕಳುವು ಬರೆದು ಪಳಗಿದ ಕೈಗೆ, ಕಂಪ್ಯೂಟರಿನೊಳಗಿನ ಹೆಸರುಗಳು ಕಾಣೆಯಾದರೆ ಯಾವ ಕಲಂ ಹಾಕಬೇಕೆಂದು ತಿಳಿಯಲಿಲ್ಲ. ಎರಡನೆಯ ಸಲ ನಿಂತದ್ದು ಹೆದರಿಕೆಯಿಂದ.

ದೂರು ಕೊಟ್ಟವರು ಕುಷ್ಠರೋಗ ನಿವಾರಣೆಯ ಖಾಸಗಿ ಟ್ರಸ್ಟೊಂದರ ಡಾಕ್ಟರು, ಕರಿಬಸಪ್ಪ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಆರುನೂರ ನಲವತ್ತು ರೋಗಿಗಳ ವಿವರ ಅವರ ಹಾನಗಲ್ಲಿನ ಕಚೇರಿಯ ಒಂದೇ ಕಂಪ್ಯೂಟರಿನಲ್ಲಿತ್ತು. ಉಳಿದ ಮೂರು ಊರುಗಳಲ್ಲಿ ಇದ್ದದ್ದು ಪರದೆ ಮತ್ತು ಕೀಲಿಮಣೆ ಮಾತ್ರ. ಟೆಲಿಫೋನ್ ತಂತಿಯ ಮೂಲಕ ಅವು ಇಲ್ಲಿಗೆ ಕೂಡಿಕೊಳ್ಳುತ್ತಿದ್ದವು. ಎರಡು ವರ್ಷದ ಹಿಂದೆ ಕಾಗದದ ಪಟ್ಟಿಯೊಂದು ಹೊರಬಿದ್ದು ಒಂದು ಕುಟುಂಬ ಊರನ್ನೇ ಬಿಡಬೇಕಾಗಿ ಬಂದಿತ್ತು. ಅಂದಿನಿಂದ ಟ್ರಸ್ಟು ಹೆಸರುಗಳನ್ನು ಕಾಗದದಲ್ಲಿ ಇಡುವುದನ್ನೇ ಬಿಟ್ಟಿತು. ತಿಂಗಳಿಗೊಮ್ಮೆ ಪಟ್ಟಿ ಮುದ್ರಿಸಿ, ಗುಳಿಗೆ ಹಂಚಿದ ಮೇಲೆ ಸುಡುತ್ತಿದ್ದರು.

ಆ ಪಟ್ಟಿಯಲ್ಲಿ 417ನೆಯ ನಂಬರು ಶೇಖವ್ವನದು. ಅವಳು ಗುದ್ಲೆಪ್ಪನ ಹೆಂಡತಿ. ಠಾಣೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ, ಹೆತ್ತ ತಾಯಿಗೂ ಅವನು ಹೇಳಿರಲಿಲ್ಲ. ಪೊಲೀಸ್ ಕ್ವಾರ್ಟರ್ಸಿನ ಎಂಟು ಮನೆಗೆ ಇರುವುದು ಒಂದೇ ನಳ. ಸುದ್ದಿ ಗೊತ್ತಾದ ಮರುದಿನ ಅಲ್ಲಿ ಅವಳನ್ನು ಕೊಡ ಇಡಲು ಬಿಡುವವರಿಲ್ಲ. ಅದಕ್ಕೇ ಅವನು ರಜೆಯ ದಿನ ಸವಣೂರಿಗೆ ಹೋಗಿ ಗುಳಿಗೆ ತರುತ್ತಿದ್ದ. ಹದಿನಾಲ್ಕು ತಿಂಗಳು ನುಂಗಿದ ಮೇಲೆ, ಹೋದ ತಿಂಗಳು ಶೇಖವ್ವ ಜೋಮು ಹಿಡಿದಿದ್ದ ಬೆರಳಿನಿಂದ ರೊಟ್ಟಿಯ ಹಂಚು ಮುಟ್ಟಿ, ಸುಟ್ಟಿತು ಎಂದು ಸಂತೋಷಕ್ಕೆ ಅತ್ತಿದ್ದಳು.

12.05ಕ್ಕೆ ಸಬ್ ಇನ್ಸ್‌ಪೆಕ್ಟರ್ ಸಿರಾಜುದ್ದೀನರು ಗುದ್ಲೆಪ್ಪನನ್ನು ಕರೆದುಕೊಂಡು ಟ್ರಸ್ಟಿನ ಕಚೇರಿಗೆ ಬಂದರು. ಯಂತ್ರ ನೋಡಿಕೊಳ್ಳುವ ಮಕ್ತುಮಸಾಬ ನಡೆದದ್ದನ್ನು ಹೇಳಿದ. ಬೆಳಿಗ್ಗೆ ಮೂರೂ ಊರುಗಳಿಂದ ಸಂಪರ್ಕವಾಗುತ್ತಿಲ್ಲವೆಂದು ಫೋನು ಬಂತು. ತಂತಿ ಸರಿಯಿತ್ತು, ಯಂತ್ರ ಓಡುತ್ತಿತ್ತು. ಕೊನೆಗೆ ನೋಡಿದರೆ ಗೋಡೆಯ ಪೆಟ್ಟಿಗೆಯಲ್ಲಿ ಒಂದು ವಾಯರು ಕಿತ್ತು ಬಂದಿತ್ತು. ಅದನ್ನು ಕೂಡಿಸಿದ ಮೇಲೆ ಸಂಪರ್ಕವೇನೋ ಬಂತು, ಆದರೆ ಒಳಗೆ ಹೆಸರುಗಳೇ ಇರಲಿಲ್ಲ.

"ಹೆಸರು ಒಂದು ಕೋಷ್ಟಕದಾಗ, ಔಷಧ ಇನ್ನೊಂದರಾಗ ಇರ್ತಾವ್ರಿ. ಎರಡನ್ನೂ ನಂಬರು ಕೂಡಸ್ತದ," ಎಂದ ಮಕ್ತುಮಸಾಬ. "ಈಗ ಔಷಧದ ಕೋಷ್ಟಕ ಅಷ್ಟ ಉಳದೈತಿ."

ಡಾಕ್ಟರು ಪರದೆ ನೋಡಿ ಆ ದಿನ ಗುಳಿಗೆ ತಲುಪಬೇಕಾದವರ ನಂಬರುಗಳನ್ನು ಓದಿದರು. 88, 203, 417. ಯಾರಿಗೆ ಕೊಡಬೇಕೆಂದೇ ಗೊತ್ತಿಲ್ಲ, ಕೆಲಸಗಾರರಿಗೆ ನೆನಪಿರುವುದು ನೂರೈವತ್ತು ಜನ ಮಾತ್ರ, ಗುಳಿಗೆ ತಪ್ಪಿದರೆ ರೋಗ ತಿರುಗಿ ಬರುತ್ತದೆ ಎಂದರು ಡಾಕ್ಟರು. ಪ್ರತಿ ಶುಕ್ರವಾರ ಎಲ್ಲವನ್ನೂ ಒಂದೇ ಟೇಪಿಗೆ ನಕಲು ಮಾಡಿ ಕಪಾಟಿನಲ್ಲಿಡುವ ರೂಢಿಯಿತ್ತು. ಆ ಟೇಪನ್ನು ಹಾಕಿ ನೋಡಿದರೆ ಅದೂ ಖಾಲಿ.

"ಕಪಾಟಿನ ಕೀಲಿ ಯಾರ ಹತ್ರ?" ಸಿರಾಜುದ್ದೀನರು ಕೇಳಿದರು.

"ಡ್ರಾವರಿನ್ಯಾಗ ಇರ್ತೈತ್ರಿ. ಜವಾಬ್ದಾರಿ ನಂದ."

"ಶುಕ್ರವಾರ ಆದಮ್ಯಾಲ ಹೊರಗಿನವರು ಯಾರು ಬಂದಿದ್ರು?"

"ಹೊರಗಿನವರು ಯಾರೂ ಬಂದಿಲ್ರಿ."

ಸಿರಾಜುದ್ದೀನರು ಹೆಚ್ಚು ಮಾತು ಬೆಳೆಸಲಿಲ್ಲ, ಠಾಣೆಗೆ ನಡಿ ಎಂದರು.

ಗುದ್ಲೆಪ್ಪ ಮಾತ್ರ ಟೇಪನ್ನೇ ನೋಡುತ್ತಿದ್ದ. ಹಿಂದಿನ ವಾರ ದಸರೆಯ ಖಂಡೇ ಪೂಜೆಯಾಗಿತ್ತು. ಠಾಣೆಯ ಬಂದೂಕು, ಬೇಡಿಗಳ ಮೇಲಿದ್ದಂತೆ ಇಲ್ಲಿಯೂ ಕಂಪ್ಯೂಟರು, ಕಪಾಟು, ಕತ್ತರಿ, ಕಡೆಗೆ ಗೋಡೆ ಗಡಿಯಾರಕ್ಕೂ ವಿಭೂತಿ ಕುಂಕುಮ ಬಿದ್ದಿತ್ತು. ಟೇಪಿನ ಡಬ್ಬಿಯ ಮೇಲೂ ಇತ್ತು. ಒಳಗಿನ ಟೇಪು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು.

ಹೇಳಲೋ ಬೇಡವೋ ಎಂದು ಅವನು ಒದ್ದಾಡಿದ. ತುಟಿ ಬಿಚ್ಚದಿದ್ದರೆ ಶೇಖವ್ವನ ಹೆಸರು ಎಲ್ಲಿಯೂ ಇರುವುದಿಲ್ಲ. ಟೇಪು ಸಿಕ್ಕರೆ ಅದನ್ನು ಸಾಕ್ಷಿಗೆ ಕರೆದ ಪಂಚರ ಎದುರು ಓದಿಸಬೇಕು, ಪಂಚರು ಈ ಊರಿನವರೇ. ಆದರೆ ಹಂಚಿನ ಬಿಸಿ ಗೊತ್ತಾಗದ ಕೈಗಳು ನಾಲ್ಕು ತಾಲ್ಲೂಕಿನಲ್ಲಿ ಇನ್ನೆಷ್ಟಿವೆಯೋ. ಎದುರಿಗೆ ಮಕ್ತುಮಸಾಬ ಮಾಡದ ತಪ್ಪಿಗೆ ಚಪ್ಪಲಿ ಮೆಟ್ಟುತ್ತಿದ್ದ. ಗುದ್ಲೆಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಪೂಜಿ ದಿನ ಟೇಪು ಡಬ್ಬಿಯಿಂದ ತಗದಿದ್ರೇನು?" ಎಂದು ಕೇಳಿದ.

ತೆಗೆದು ತಾನೇ ವಿಭೂತಿ ಹಚ್ಚಿದೆನೆಂದು ಡಾಕ್ಟರು ಹೇಳಿದರು. ಸಿರಾಜುದ್ದೀನರು ಕಪಾಟಿನಲ್ಲಿದ್ದ ಹೊಸ ಟೇಪುಗಳ ಪೆಟ್ಟಿಗೆ ಬಿಚ್ಚಿಸಿ ಎಣಿಸಿದರು. ಹತ್ತರಲ್ಲಿ ಒಂಬತ್ತಿದ್ದವು. ಯಾರೋ ಹೊಸದೊಂದನ್ನು ಡಬ್ಬಿಗೆ ಹಾಕಿ ಹಳೆಯದನ್ನು ಒಯ್ದಿದ್ದರು.

"ಸರಿಯಾಗಿ ನೆನಸ್ಕೊ. ಯಾರು ಬಂದಿದ್ರು?"

"ನಿನ್ನೆ ಸೂಟಿ ಇದ್ರೂ ವಾಯರು ನೋಡ್ತೇನಿ ಅಂತ ಸವಣೂರಿನ ನಾಗಪ್ಪ ಬಂದಿದ್ದ. ನಾ ಕಚೇರಿ ತಗದುಕೊಟ್ಟು ಚಾ ತರಾಕ ಹೋಗಿದ್ನಿ. ಆದ್ರ ಅವ ಹೊರಗಿನವ ಅಲ್ರಿ ಸಾಹೇಬ್ರ. ನಮ್ಮವ."

ಸವಣೂರಿನ ಕೇಂದ್ರದಲ್ಲಿ ಪರದೆ ನೋಡಿ, 417 ಎಂದು ಗುರುತು ಹಾಕಿಕೊಂಡು ಗುದ್ಲೆಪ್ಪನ ಕೈಗೆ ಗುಳಿಗೆ ಕೊಡುವವನು ಇದೇ ನಾಗಪ್ಪ.

2.10ಕ್ಕೆ ಕಳುವು ಮತ್ತು ನಷ್ಟದ ಕಲಂ ಹಾಕಿ ಎಫ್.ಐ.ಆರ್. ದಾಖಲಾಯಿತು. ಜೀಪು ಸವಣೂರು ಮುಟ್ಟುವವರೆಗೆ ಗುದ್ಲೆಪ್ಪ ಹೊಟ್ಟೆನೋವೆಂದು ಇಳಿದುಬಿಡಲೇ ಎಂದು ಮೂರು ಸಲ ಯೋಚಿಸಿದ, ಮೂರು ಸಲವೂ ಧೈರ್ಯ ಸಾಲಲಿಲ್ಲ.

3.50ಕ್ಕೆ ಇಬ್ಬರು ಪಂಚರ ಎದುರು ನಾಗಪ್ಪನ ಮನೆಯ ಝಡತಿ, ಮೂಲೆಮೂಲೆಯ ಶೋಧ, ನಡೆಯಿತು. ಅಡುಗೆಮನೆಯಲ್ಲಿ ಅವನ ತಂಗಿ ಭರಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗೋಡೆಗಾನಿ ನಿಂತಿದ್ದಳು. ಜೋಳದ ಚೀಲದಲ್ಲಿ ಟೇಪು ಸಿಕ್ಕಿತು. ಅದರ ಮೇಲೆ ವಿಭೂತಿಯ ಮೂರು ಗೆರೆ ಹಾಗೇ ಇದ್ದವು.

ನಾಗಪ್ಪ ತಲೆಯೆತ್ತಿದವನು ಗುದ್ಲೆಪ್ಪನನ್ನು ನೋಡಿದ. ನೋಟ ಅಲ್ಲೇ ನಿಂತಿತು.

"ಹವಾಲ್ದಾರನ್ನ ಯಾಕ ನೋಡ್ತಿ? ಗುರ್ತ ಐತೇನು?" ಸಿರಾಜುದ್ದೀನರು ಕೇಳಿದರು.

ಗುದ್ಲೆಪ್ಪ ಬಗ್ಗಿ ಜೋಳದ ಚೀಲದ ಬಾಯಿ ಕಟ್ಟತೊಡಗಿದ.

"ಇಲ್ರಿ," ಎಂದ ನಾಗಪ್ಪ. "ಎಂದೂ ನೋಡಿಲ್ರಿ."

ಅವನನ್ನು ಬಂಧಿಸಿ ಕರೆತಂದರು. ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಭರಮವ್ವನೂ ಗುಳಿಗೆ ನುಂಗುತ್ತಿದ್ದಳು. ಅವಳ ಮದುವೆ ಗೊತ್ತಾಗಿತ್ತು. ನವೆಂಬರಿನಿಂದ ಸವಣೂರಿನ ಪಟ್ಟಿ ಹಿಡಿದು ತಿರುಗಲು ನೇಮಕವಾದ ಹೊಸ ಕೆಲಸಗಾರ ವರನ ಸೋದರಮಾವ. ಶನಿವಾರ ಸಂಜೆ ನಾಗಪ್ಪ ಸವಣೂರಿನ ಪರದೆಯ ಮುಂದೆ ಅವಳೊಬ್ಬಳ ಹೆಸರನ್ನು ಅಳಿಸಲು ಕೂತ. ಅಳಿಸು ಎಂದು ಹೇಳಿದ, ಗಾಬರಿಯಲ್ಲಿ ಯಾವ ನಂಬರನ್ನೆಂದು ಹೇಳುವುದನ್ನು ಮರೆತ. ಯಂತ್ರ ಹೇಳಿದಷ್ಟನ್ನು ಮಾಡಿ ಆರುನೂರ ನಲವತ್ತನ್ನೂ ಅಳಿಸಿಹಾಕಿತು. ಟೇಪಿನಿಂದ ಮರಳಿ ತುಂಬಿದರೆ ತಂಗಿಯ ಹೆಸರೂ ಮರಳುತ್ತದೆಂದು ಹೆದರಿ ಭಾನುವಾರ ಟೇಪು ಬದಲಿಸಿದ. ಗೊತ್ತಾಗುವುದು ತಡವಾಗಲೆಂದು ವಾಯರು ಕಿತ್ತ. ಟೇಪನ್ನು ಒಲೆಗೆ ಹಾಕಲು ಹೋದವನಿಗೆ ಅಷ್ಟು ಜನರ ಗುಳಿಗೆ ಅದರಲ್ಲಿದೆ ಎನಿಸಿ ಕೈ ಬರಲಿಲ್ಲ.

ಸೋದರಮಾವನ ಕೈಗೆ ಆ ಪಟ್ಟಿ ಬೇಡವೆಂದು ಒಂದು ಮಾತು ಹೇಳಿದ್ದರೆ ಡಾಕ್ಟರು ಬದಲಾಯಿಸುತ್ತಿದ್ದರು. ಆದರೆ ಯಾಕೆಂದು ಕೇಳಿದರೆ ತಂಗಿಯ ಹೆಸರು ಬಾಯಿಂದ ಬರಬೇಕಿತ್ತು.

ಮಂಗಳವಾರ ಬೆಳಿಗ್ಗೆ 10.15ಕ್ಕೆ ಪಂಚರ ಎದುರು ಮಕ್ತುಮಸಾಬ ಟೇಪು ಹಾಕಿದ. ಹೆಸರುಗಳು ಮರಳಿದವು. ಮುದ್ರಣಯಂತ್ರ ಕರಕರ ಸದ್ದು ಮಾಡುತ್ತ ಕಾಗದ ಉಗುಳತೊಡಗಿತು. ಪಂಚರಲ್ಲಿ ಒಬ್ಬ ಕ್ವಾರ್ಟರ್ಸಿನ ಎದುರಿನ ಕಿರಾಣಿ ಅಂಗಡಿಯವನು. ಅವನು ಕುತ್ತಿಗೆ ಚಾಚಿದ. ಪಂಚನಾಮೆ ಬರೆಯುತ್ತಿದ್ದ ಗುದ್ಲೆಪ್ಪ ತಲೆಯೆತ್ತಿ ಸಾಲುಗಳ ನಂಬರು ನೋಡತೊಡಗಿದ. ಮುನ್ನೂರು ದಾಟಿತು, ನಾನ್ನೂರು ದಾಟಿತು.

ಸಿರಾಜುದ್ದೀನರು ಹೋಗಿ ಕಾಗದವನ್ನು ಮಗುಚಿ ಹಿಡಿದರು.

"ಹೆಸರು ಯಾರೂ ಓದೂದು ಬ್ಯಾಡ. ಎಷ್ಟು ಸಾಲು ಅದಾವ ಎಣಸ್ರಿ, ಅಷ್ಟ ಸಾಕು. ಗುದ್ಲೆಪ್ಪ, ಹಂಗ ಬರಿ."

ಸಾಹೇಬರಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಗುದ್ಲೆಪ್ಪ ಎಂದೂ ಕೇಳಲಿಲ್ಲ. ಆರುನೂರ ನಲವತ್ತು ಸಾಲು ಎಂದು ಬರೆದು ಪಂಚರ ಸಹಿ ಹಾಕಿಸಿದ. ಕಾಗದವನ್ನು ಡಾಕ್ಟರು ಕಪಾಟಿಗಿಟ್ಟು ಕೀಲಿ ಹಾಕಿದರು.

ಮಧ್ಯಾಹ್ನ ನಾಗಪ್ಪನನ್ನು ಕೋರ್ಟಿಗೆ ಒಯ್ಯುವ ಮೊದಲು ಗುದ್ಲೆಪ್ಪ ಲಾಕಪ್ಪಿಗೆ ಚಹಾ ಒಯ್ದ. ಸುತ್ತ ಯಾರೂ ಇರಲಿಲ್ಲ. ನಿನ್ನೆ ಗುರ್ತು ಹೇಳಿದ್ದರೆ ಸಾಹೇಬರ ಎದುರು ನನ್ನ ಕಥೆ ಮುಗಿಯುತ್ತಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳಿದ.

ನಾಗಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಒಂದು ಹೆಸರು ಹೊರಗ ಬೀಳಬಾರ್ದು ಅಂತನ ಅಲ್ರಿ ನಾ ಇಷ್ಟೆಲ್ಲಾ ಮಾಡಿದ್ದು," ಎಂದ. ಒಂದು ಗುಟುಕು ಕುಡಿದು ಕೇಳಿದ, "ನಿಮ್ಮ ಮನ್ಯಾಗಿನ ಅಕ್ಕಾರದು ನಿನ್ನೆ ಗುಳಿಗಿ ದಿನ ಇತ್ತು. ಮುಟ್ಟೇತೋ ಇಲ್ರೀ?"